ಗೀರು ಬಿದ್ದ ಗೇಮ್ ಡಿಸ್ಕ್: ಉಜ್ಜುವ ಮೊದಲು ಇಷ್ಟು ನೋಡಿ

2007ರಿಂದ ಏಳು ವರ್ಷ ನಾನು ಜಯನಗರದ ಒಂದು ಗೇಮ್ ಅಂಗಡಿಯಲ್ಲಿ ಕೆಲಸ ಮಾಡಿದೆ. ಹಳೇ ಡಿಸ್ಕ್ ಕೊಳ್ಳುವುದು, ಬಾಡಿಗೆಗೆ ಕೊಡುವುದು, ವಾಪಸ್ ಬಂದ ಮೇಲೆ ಗೀರು ತೆಗೆಯುವುದು, ಎಲ್ಲ ನನ್ನದೇ. ಈಗ ಸಾಗರದಲ್ಲಿದ್ದೇನೆ. ಆದರೂ ಯಾರಾದರೂ ಡಿಸ್ಕ್ ಹಿಡಿದು ಮನೆಗೆ ಬರುತ್ತಲೇ ಇರುತ್ತಾರೆ. ಹೋದ ವಾರ ಪಕ್ಕದ ಬೀದಿಯ ಹುಡುಗಿ ಪಿಎಸ್ 2ರ (ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 2 ಕನ್ಸೋಲ್) ಕ್ರಿಕೆಟ್ ಗೇಮ್ ತಂದಿದ್ದಳು. ಅವಳ ಅಣ್ಣನದಂತೆ. ಮೆನು ಬರುತ್ತದೆ, ಮ್ಯಾಚ್ ಶುರುವಾಗುವಾಗ ನಿಂತುಬಿಡುತ್ತದೆ. "ಪೇಸ್ಟ್ ಹಚ್ಚಿ ಚೆನ್ನಾಗಿ ತಿಕ್ಕಿದೆ ಮಾಮ, ಇನ್ನೂ ಜಾಸ್ತಿ ಆಯ್ತು" ಅಂದಳು.

ಜಾಸ್ತಿ ಆಗುವುದೇ. ಪಾಲಿಶ್ ಅಂದರೆ ಪ್ಲಾಸ್ಟಿಕ್ಕನ್ನು ಸವೆಸುವುದು. ಸವೆದದ್ದು ವಾಪಸ್ ಬರುವುದಿಲ್ಲ. ಹಾಗಾಗಿ ಡಿಸ್ಕ್ ಓದುವುದಕ್ಕೆ ಎಷ್ಟು ಬೇಕೋ ಅಷ್ಟೇ ಉಜ್ಜಬೇಕು. ಕನ್ನಡಿ ಹಾಗೆ ಹೊಳೆಯಬೇಕು ಅಂತ ಆಸೆಪಡಬೇಡಿ.

ಮೊದಲು ತಪ್ಪು ಡಿಸ್ಕಿನದೇನಾ ಅಂತ ನೋಡಿ. ಅದೇ ಕನ್ಸೋಲ್‌ಗೆ ಬೇರೆ ಎರಡು ಮೂರು ಡಿಸ್ಕ್ ಹಾಕಿ. ಅವೂ ತಡವರಿಸಿದರೆ ಲೆನ್ಸ್ ಕೊಳೆಯಾಗಿರಬಹುದು, ಇಲ್ಲವೇ ಲೇಸರ್ ಸೋತಿರಬಹುದು. ಪಿಎಸ್ 2ರಲ್ಲಿ ಇನ್ನೊಂದು ಗುರುತಿದೆ. ಡಿಸ್ಕಿನ ತಳ ನೀಲಿ ಬಣ್ಣದ್ದಿದ್ದರೆ ಅದು ಸಿಡಿ, ಬೆಳ್ಳಿ ಬಣ್ಣದ್ದು ಡಿವಿಡಿ. ಎರಡನ್ನೂ ಓದಲು ಕನ್ಸೋಲ್ ಬೇರೆ ಬೇರೆ ಲೇಸರ್ ಬೆಳಕು ಬಳಸುತ್ತದೆ: ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650. ನೀಲಿ ಡಿಸ್ಕ್ ಯಾವುದೂ ಓಡದೆ ಬೆಳ್ಳಿಯವು ಮಾತ್ರ ಓಡುತ್ತಿದ್ದರೆ ಡಿಸ್ಕ್ ಉಜ್ಜಿ ಪ್ರಯೋಜನವಿಲ್ಲ, ರಿಪೇರಿ ಬೇಕಿರುವುದು ಕನ್ಸೋಲ್‌ಗೆ.

ಆಮೇಲೆ ತೊಳೆಯಿರಿ. ಇದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡಿ. ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಬೀರುವಿನಲ್ಲಿಟ್ಟ ಡಿಸ್ಕಿಗೂ ಬೂಷ್ಟು ಹಿಡಿಯುತ್ತದೆ. ಗೀರು ಅಂತ ತಂದ ಎಷ್ಟೋ ಡಿಸ್ಕ್‌ಗಳಲ್ಲಿ ಇದ್ದದ್ದು ಬೂಷ್ಟು, ಬೆರಳಿನ ಜಿಡ್ಡು, ಒಣಗಿದ ಜ್ಯೂಸು. ನಲ್ಲಿ ನೀರಿನಡಿ ಹಿಡಿದು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬೆರಳ ತುದಿಯಿಂದ ಮೆಲ್ಲಗೆ ಸವರಿ ತೊಳೆಯಿರಿ. ನೀರಲ್ಲಿ ನೆನೆಹಾಕಬೇಡಿ. ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಬಿಸಿಲಿಗೆ ಇಡಬೇಡಿ, ಸೊಟ್ಟಗಾಗುತ್ತದೆ. ಜಿಡ್ಡು ಬಿಡದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಲೇಬೇಡಿ. ಡಿಸ್ಕಿನ ಪ್ಲಾಸ್ಟಿಕ್ (ಪಾಲಿಕಾರ್ಬೊನೇಟ್) ಮಂಜು ಕಟ್ಟಿದಂತಾಗಿ ಬಿರುಕು ಬಿಡುತ್ತದೆ.

ತೊಳೆದ ಮೇಲೂ ಓಡಲಿಲ್ಲವಾ? ಈಗ ಟ್ಯೂಬ್‌ಲೈಟಿನ ಕೆಳಗೆ ನಿಂತು ನೋಡಿ. ಲೇಬಲ್ ಬದಿಯಿಂದ ಶುರುಮಾಡಿ. ಸಿಡಿ 1.2 ಮಿ.ಮೀ. ದಪ್ಪ. ಮಾಹಿತಿ ಇರುವುದು ಮೇಲ್ಗಡೆ, ಲೇಬಲ್ಲಿನ ಬುಡದಲ್ಲೇ. ಲೇಬಲ್ ಕೆತ್ತಿಹೋಗಿದ್ದರೆ ಮಾಹಿತಿಯೂ ಹೋಯಿತು. ಬೆಳಕಿಗೆ ಹಿಡಿದಾಗ ಸೂಜಿ ಚುಚ್ಚಿದ ಹಾಗೆ ತೂತುಗಳು ಕಂಡರೆ ಅದಕ್ಕೆ ಔಷಧಿ ಇಲ್ಲ. ಡಿವಿಡಿಯಲ್ಲಿ 0.6 ಮಿ.ಮೀ.ನ ಎರಡು ತಟ್ಟೆಗಳನ್ನು ಅಂಟಿಸಿರುತ್ತಾರೆ, ಮಾಹಿತಿ ನಡುವೆ ಇರುತ್ತದೆ. ಸ್ವಲ್ಪ ಗಟ್ಟಿ. ನಡುವಿನ ತೂತಿನ ಸುತ್ತ ಬಿರುಕಿದ್ದರೆ ಮಾತ್ರ ಯಾವ ಡಿಸ್ಕನ್ನೂ ಡ್ರೈವ್‌ಗೆ ಹಾಕಬೇಡಿ. ತಿರುಗುವ ವೇಗಕ್ಕೆ ಒಳಗೇ ಚೂರಾಗಬಹುದು.

ಬ್ಲೂ-ರೇ ಬೇರೆ ಜಾತಿ. ಪಿಎಸ್ 3, ಪಿಎಸ್ 4, ಪಿಎಸ್ 5, ಎಕ್ಸ್‌ಬಾಕ್ಸ್ ಒನ್ ಡಿಸ್ಕ್‌ಗಳೆಲ್ಲ ಇವೇ. ಇದರಲ್ಲಿ ಮಾಹಿತಿಯ ಮೇಲಿರುವ ಹೊದಿಕೆ ಬರೀ 0.1 ಮಿ.ಮೀ. ಒಂದು ಜೆರಾಕ್ಸ್ ಹಾಳೆಯಷ್ಟು! ಅದರ ಮೇಲೆ ಗೀರು ತಡೆಯುವ ಗಟ್ಟಿ ಲೇಪ ಇರುತ್ತದೆ. ಅಂಗಡಿ ಸೇರಿದ ಹೊಸತರಲ್ಲಿ ಗಿರಾಕಿಯೊಬ್ಬರ ಪಿಎಸ್ 3 ಡಿಸ್ಕನ್ನು ಡಿವಿಡಿ ಹಾಗೇ ಪಾಲಿಶ್ ಮೆಷಿನ್ನಿಗೆ ಕೊಟ್ಟೆ. ಒಂದೇ ನಿಮಿಷ. ಲೇಪ ಹೋಯಿತು, ಡಿಸ್ಕ್ ಮತ್ತೆ ಓಡಲಿಲ್ಲ. ನನ್ನ ಸಂಬಳದಲ್ಲಿ ಬೇರೆ ತಂದುಕೊಟ್ಟೆ. ಅವರ ಮಗನ ಮುಖ ಇವತ್ತಿಗೂ ಮರೆತಿಲ್ಲ. ಬ್ಲೂ-ರೇಯನ್ನು ತೊಳೆಯಿರಿ, ಒರೆಸಿ, ಅಲ್ಲಿಗೆ ನಿಲ್ಲಿಸಿ.

ಇನ್ನು ಗೀರಿನ ದಿಕ್ಕು. ಮಾಹಿತಿ ಒಂದು ಸುರುಳಿಯಂತೆ ಒಳಗಿನಿಂದ ಹೊರಗೆ ಸುತ್ತಿಕೊಂಡು ಹೋಗುತ್ತದೆ. ತೂತಿನಿಂದ ಅಂಚಿಗೆ ನೇರವಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಮರೆಮಾಡುತ್ತದೆ. ಅಷ್ಟನ್ನು ಡ್ರೈವ್ ತಾನೇ ಲೆಕ್ಕಹಾಕಿ ತುಂಬಿಕೊಳ್ಳುತ್ತದೆ. ಸಿಡಿಯಲ್ಲಿ ಸುರುಳಿಯ ಉದ್ದಕ್ಕೆ ಸುಮಾರು 2.5 ಮಿ.ಮೀ. ಕಳೆದುಹೋದರೂ ಸರಿಮಾಡಿಕೊಳ್ಳುವಷ್ಟು ಶಕ್ತಿ ಅದಕ್ಕಿದೆ. ಬಳೆಯ ಹಾಗೆ ಸುತ್ತ ಬಿದ್ದ ಗೀರು ಸುರುಳಿಯ ಉದ್ದಕ್ಕೂ ಹೋಗುತ್ತದೆ, ಅದು ಸಣ್ಣದಾದರೂ ಕೆಟ್ಟದ್ದು. ಡಿಸ್ಕ್ ತಿರುಗುತ್ತಿರುವಾಗ ಕನ್ಸೋಲ್ ಎತ್ತಿ ಇಟ್ಟರೆ ಬೀಳುವುದು ಇದೇ ಗೀರು. ಹುಡುಗಿ ಪೇಸ್ಟ್ ಹಚ್ಚಿ ತಿಕ್ಕಿದ್ದೂ ಸುತ್ತಲೇ. ನೂರಾರು ಸಣ್ಣ ಬಳೆಗಳು ಕಾಣುತ್ತಿದ್ದವು.

ಗೀರಿನ ಮೇಲೆ ಉಗುರು ಮೆಲ್ಲಗೆ ಎಳೆಯಿರಿ. ಸಿಕ್ಕಿಹಾಕಿಕೊಳ್ಳದಿದ್ದರೆ ಕೈಯಲ್ಲೇ ಆಗುತ್ತದೆ. ಕಾರಿನ ಪೇಂಟ್‌ಗೆ ಹಾಕುವ ನಯವಾದ ಪಾಲಿಶ್ ತನ್ನಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಬಿಳಿ ಟೂತ್‌ಪೇಸ್ಟ್ ಕೂಡ ಕೆಲಸ ಮಾಡುತ್ತದೆ, ಆದರೆ ಅದರ ಪುಡಿ ಒಂದೇ ಸಮ ಇರುವುದಿಲ್ಲ. ನನಗೆ ಪಾಲಿಶ್ ಮೇಲೇ ನಂಬಿಕೆ.

ಮಡಚಿದ ಟವೆಲ್ ಮೇಲೆ ಡಿಸ್ಕ್ ಮಲಗಿಸಿ, ತಳ ಮೇಲಕ್ಕೆ ಇರಲಿ. ಹಳೇ ಹತ್ತಿ ಬನಿಯನ್ ತುಂಡಿಗೆ ಕಡಲೆಕಾಳಿನಷ್ಟು ಪಾಲಿಶ್ ತಗೊಳ್ಳಿ. ತೂತಿನಿಂದ ಅಂಚಿಗೆ ನೇರ ಎಳೆಯಿರಿ, ಕೈ ಎತ್ತಿ, ಮತ್ತೆ ತೂತಿನಿಂದ ಶುರುಮಾಡಿ. ಒಂದು ಜಾಗದಲ್ಲಿ ಹತ್ತು ಸಲ, ಆಮೇಲೆ ಡಿಸ್ಕ್ ಸ್ವಲ್ಪ ತಿರುಗಿಸಿ. ಗೀರಿರುವ ಜಾಗವನ್ನಷ್ಟೇ ತಿಕ್ಕುತ್ತಾ ಕೂರಬೇಡಿ. ಅಲ್ಲಿ ಗುಂಡಿ ಬಿದ್ದರೆ ಬೆಳಕು ಬೇರೆ ಕಡೆ ಬಾಗುತ್ತದೆ, ಗೀರಿಗಿಂತ ಅದೇ ದೊಡ್ಡ ತೊಂದರೆ. ತೊಳೆದು, ಒರೆಸಿ, ಹಾಕಿ ನೋಡಿ. ಓಡಿತಾ? ಮುಗಿಯಿತು, ಗೀರು ಕಣ್ಣಿಗೆ ಕಂಡರೂ ಬಿಟ್ಟುಬಿಡಿ.

ಉಗುರು ಸಿಕ್ಕಿಕೊಳ್ಳುವ ಗೀರಿಗೆ 2000 ನಂಬರಿನ ವಾಟರ್ ಪೇಪರ್ (ತುಂಬಾ ನಯವಾದ ಉಜ್ಜುಕಾಗದ) ಬೇಕು, ನೀರು ಹಾಕಿಕೊಂಡು ಉಜ್ಜಬೇಕು. ಡಿಸ್ಕ್ ಪೂರ್ತಿ ಬೆಳ್ಳಗಾಗಿ ಮಸುಕಾಗುತ್ತದೆ, ಹೆದರಬೇಡಿ, ಪಾಲಿಶ್ ಹಾಕಿದರೆ ತಿಳಿಯಾಗುತ್ತದೆ. ಆದರೆ ಒಂದೇ ಸಮ ಒತ್ತುವುದು ಕೈಗೆ ಕಷ್ಟ. ಇಂಥದ್ದಕ್ಕೆ ಪಾಲಿಶ್ ಮೆಷಿನ್ ಇರುವ ಅಂಗಡಿ ಸಿಕ್ಕರೆ ಅಲ್ಲಿ ಕೊಡುವುದೇ ಒಳ್ಳೆಯದು.

ಮೆನು ಬಂತು ಅಂತ ಖುಷಿಪಟ್ಟು ಎದ್ದುಬಿಡಬೇಡಿ. ಪಿಎಸ್ 2 ಡಿವಿಡಿಯನ್ನು ಕಂಪ್ಯೂಟರಿನ ಡಿವಿಡಿ ಡ್ರೈವ್‌ಗೆ ಹಾಕಿ ಎಲ್ಲ ಫೈಲ್‌ಗಳನ್ನೂ ಒಂದು ಫೋಲ್ಡರಿಗೆ ಕಾಪಿ ಮಾಡಿ. ಕೊನೆಯ ಫೈಲ್ ತನಕ ತಡೆಯಿಲ್ಲದೆ ಬಂದರೆ ಡಿಸ್ಕ್ ಸರಿಯಾಗಿದೆ ಅಂತ ನಂಬಬಹುದು. ಹುಡುಗಿಯ ಡಿಸ್ಕ್ ಮೊದಲ ಸಲ ಅರ್ಧಕ್ಕೆ ನಿಂತಿತು. ಇನ್ನೊಂದು ಸುತ್ತು ಪಾಲಿಶ್ ಮಾಡಿದೆ. ಆಮೇಲೆ ಪೂರ್ತಿ ಬಂತು.

ಪಾಲಿಶ್ ಮಾಡಿದ ದಿನ ಡಿಸ್ಕಿನ ಬಾಕ್ಸ್ ಒಳಗೆ ಒಂದು ಚೀಟಿಯಲ್ಲಿ ತಾರೀಖು ಬರೆದಿಡಿ. ಡಿಸ್ಕಿನ ಮೇಲೆ ಪೆನ್ನು ಬೇಡ. ಮುಂದಿನ ಸಲ ಉಜ್ಜಬೇಕೋ ಬೇಡವೋ ಅಂತ ಅದನ್ನು ನೋಡಿ ತೀರ್ಮಾನಿಸಬಹುದು. ನನ್ನ ಹತ್ತಿರದ ಒಂದು ಡಿಸ್ಕಿನ ಚೀಟಿಯಲ್ಲಿ ಈಗಾಗಲೇ ಮೂರು ತಾರೀಖುಗಳಿವೆ. ಅದನ್ನು ಇನ್ನು ತೊಳೆಯುತ್ತೇನೆ ಅಷ್ಟೇ.