ಹೊಲದ ಜಂತುಹುಳು ಹೊಸ ಪ್ರಭೇದವೇ? ಪತ್ತೆ ಹಚ್ಚುವುದು ಹೀಗೆ

ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತದೆ. ಎಲೆ ಹಳದಿಗೆ ತಿರುಗಿದೆ, ಗೊಬ್ಬರ ಕೊಟ್ಟರೂ ಏಳ್ಗೆಯಿಲ್ಲ. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಇದು ಜಂತುಹುಳುವಿನ, ಅಂದರೆ ಮಣ್ಣಿನಲ್ಲಿದ್ದು ಬೇರನ್ನು ಕಾಡುವ ಸೂಕ್ಷ್ಮ ಹುಳು ನೆಮಟೋಡಿನ, ಕೆಲಸ ಎನ್ನಲು ಇಷ್ಟು ಸಾಕು. ಯಾವ ಜಂತುಹುಳು ಎನ್ನಲು ಸಾಲದು. ಇನ್ನು ‘ಹೊಸ ಪ್ರಭೇದ’ ಎನ್ನಬೇಕಾದರೆ ಈಗಾಗಲೇ ಹೆಸರು ಪಡೆದಿರುವ ಒಂದೊಂದೂ ಇದಲ್ಲ ಎಂದು ತೋರಿಸಬೇಕು. ಬೇರುಗಂಟು ಜಂತುಹುಳುಗಳ ಕುಲವಾದ ಮೆಲೊಯ್ಡೊಗೈನ್‌ನಲ್ಲೇ ಸುಮಾರು ನೂರು ಪ್ರಭೇದಗಳಿವೆ.

ಅವಸರಪಟ್ಟರೆ ಏನಾಗುತ್ತದೆ ಎಂಬುದಕ್ಕೆ ಸೀಬೆಯನ್ನು ಕಾಡುವ ಜಂತುಹುಳುವೇ ಸಾಕ್ಷಿ. 1983ರಲ್ಲಿ ಚೀನಾದ ಹೈನಾನ್ ದ್ವೀಪದ ಒಂದು ಮರದ ಬೇರಿನಲ್ಲಿ ಸಿಕ್ಕಿದ್ದಕ್ಕೆ ಎಂಟರೊಲೋಬಿಯೈ ಎಂದು ಹೆಸರಿಟ್ಟರು. 1988ರಲ್ಲಿ ಪೋರ್ಟೊರಿಕೊದ ಬದನೆ ಬೇರಿನಲ್ಲಿ ಸಿಕ್ಕಿದ್ದಕ್ಕೆ ಮಯಾಗುವೆನ್ಸಿಸ್ ಎಂದರು. ಬಹಳ ವರ್ಷಗಳ ನಂತರ ಎರಡೂ ಒಂದೇ ಎಂದು ತಿಳಿದು ಹಳೆಯ ಹೆಸರೇ ಉಳಿಯಿತು. ತಮಿಳುನಾಡಿನ ಸೀಬೆ ತೋಟಗಳನ್ನು ಒಣಗಿಸಿದ್ದೂ ಇದೇ. ಅಲ್ಲಿನ ರೈತರಿಗೆ ಅದು ಹೊಸದು, ವಿಜ್ಞಾನಕ್ಕೆ ಹಳೆಯದು. ‘ಹೊಸ ಹುಳು ಪತ್ತೆ’ ಎಂಬ ಸುದ್ದಿಗಳಲ್ಲಿ ಹಲವು ಈ ಬಗೆಯವೇ.

ಮೊದಲ ಕೆಲಸ ಮಾದರಿ ತೆಗೆಯುವುದು. ಅನೇಕ ತನಿಖೆಗಳು ಕೆಡುವುದು ಇಲ್ಲೇ. ಪೂರ್ತಿ ಒಣಗಿದ ಗಿಡದ ಬುಡ ಬೇಡ; ಬೇರು ಕೊಳೆತ ಮೇಲೆ ಹುಳು ಅಲ್ಲಿ ನಿಲ್ಲುವುದಿಲ್ಲ. ಸೊರಗುತ್ತಿರುವ, ಆದರೆ ಜೀವವಿರುವ ಗಿಡ ಆರಿಸಿಕೊಳ್ಳಿ. ಮೇಲಿನ ಒಣಮಣ್ಣು ಸರಿಸಿ, 15ರಿಂದ 20 ಸೆಂಟಿಮೀಟರ್ ಆಳದಿಂದ, ಹೊಲದ ಹತ್ತಾರು ಕಡೆ ಎಳೆಬೇರಿನ ಸಮೇತ ಮಣ್ಣು ತೆಗೆದು ಬೆರೆಸಿ. ಅದರಲ್ಲಿ ಕಾಲು ಕಿಲೋ ಸಾಕು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಬೆಳೆ, ಊರು, ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇರಲಿ. ಮಣ್ಣನ್ನು ಬಿಸಿಲಿಗೆ ಹರಡಿ ಒಣಗಿಸುವುದು ಗೊಬ್ಬರದ ಪರೀಕ್ಷೆಗೆ ಸರಿ, ಇಲ್ಲಿ ಅದೇ ಹುಳುವಿಗೆ ಮರಣಶಾಸನ. ಬೈಕಿನ ಪೆಟ್ಟಿಗೆಯಲ್ಲಿ ಮಧ್ಯಾಹ್ನವಿಡೀ ಇಟ್ಟರೂ ಅಷ್ಟೇ.

ಅಲಸಂದೆ, ಶೇಂಗಾದಂಥ ಬೆಳೆಯಾದರೆ ಇನ್ನೊಂದು ಎಚ್ಚರ ಬೇಕು. ಸಾರಜನಕದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಜ್ಜಿದರೆ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಹುಳುವಿನ ಗಂಟು ಎಂದರೆ ಬೇರೇ ಊದಿಕೊಂಡಿರುವುದು. ಅದನ್ನು ಕೀಳಲು ಬಾರದು.

ಪ್ರಯೋಗಾಲಯದಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ, ಭಾರದ ಮರಳು ತಳ ಸೇರುವಷ್ಟು ಹೊತ್ತು ಬಿಟ್ಟು, ತಿಳಿಯನ್ನು ಒಂದಕ್ಕಿಂತ ಒಂದು ಸಣ್ಣ ಕಣ್ಣಿನ ಜರಡಿಗಳಲ್ಲಿ ಸೋಸುತ್ತಾರೆ. ಕೊನೆಯ ಜರಡಿಯಲ್ಲಿ ಉಳಿದದ್ದನ್ನು ತೆಳುಕಾಗದದ ಮೇಲೆ ಹಾಕಿ ಅಡಿಭಾಗ ನೀರಿಗೆ ತಾಗುವಂತೆ ಇಟ್ಟರೆ, ಒಂದೆರಡು ದಿನದಲ್ಲಿ ಜೀವಂತ ಹುಳುಗಳು ತಾವಾಗಿಯೇ ಕೆಳಗಿಳಿಯುತ್ತವೆ. ಬಾಯಲ್ಲಿ ಸೂಜಿಯಂಥ ಮುಳ್ಳಿದ್ದರೆ ಅದು ಬೇರು ಚುಚ್ಚುವ ಜಾತಿಯೆಂಬ ಅನುಮಾನ ಬಲವಾಗುತ್ತದೆ. ಮುಳ್ಳಿಲ್ಲದವು ಬಹುತೇಕ ಬ್ಯಾಕ್ಟೀರಿಯಾ ತಿಂದು ಬದುಕುವ ನಿರುಪದ್ರವಿಗಳು.

ನಿಜವಾದ ಕೈಚಳಕ ಬೇಕಾಗುವುದು ಹೆಣ್ಣುಹುಳುವಿನ ವಿಷಯದಲ್ಲಿ. ಸೂಕ್ಷ್ಮದರ್ಶಕದಡಿ ಗಂಟನ್ನು ಸೂಜಿಯಿಂದ ಬಿಡಿಸಿದರೆ ದುಂಡನೆ ಹೊಟ್ಟೆ, ಸಣ್ಣ ಕತ್ತಿನ ಬಿಳಿ ಹೆಣ್ಣು ಹೊರಬರುತ್ತದೆ. ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಅದನ್ನು ಲ್ಯಾಕ್ಟಿಕ್ ಆಮ್ಲದ ಹನಿಯಲ್ಲಿಟ್ಟು ಹಿಂಭಾಗವನ್ನು ಕತ್ತರಿಸಿ, ಒಳಗಿನದನ್ನು ಶುಚಿಮಾಡಿ, ಗ್ಲಿಸರಿನ್‌ನಲ್ಲಿ ಕೂರಿಸಬೇಕು. ಗುದದ ಸುತ್ತಲಿನ ಗೆರೆಗಳು ಆಗ ಹೆಬ್ಬೆಟ್ಟಿನ ಗುರುತಿನಂತೆ ಕಾಣುತ್ತವೆ. ಸಾಮಾನ್ಯವಾಗಿ ಸಿಗುವ ಪ್ರಭೇದವಾದ ಇನ್‌ಕಾಗ್ನಿಟಾದಲ್ಲಿ ಗೆರೆಗಳ ಕಮಾನು ಎತ್ತರ, ಚೌಕಾಕಾರ. ಇನ್ನೊಂದು ಪ್ರಭೇದ ಜಾವಾನಿಕಾದಲ್ಲಿ ಎರಡೂ ಪಕ್ಕ ಸ್ಪಷ್ಟ ಗೆರೆ. ಇಂಥ ಗುರುತುಗಳನ್ನು ಹಿಡಿದೇ 1949ರಲ್ಲಿ ಅಮೆರಿಕದ ಜಂತುಹುಳು ತಜ್ಞ ಚಿಟ್‌ವುಡ್ ಅವರು ಅಲ್ಲಿಯವರೆಗೆ ಒಂದೇ ಎಂದುಕೊಂಡಿದ್ದ ಬೇರುಗಂಟು ಹುಳುವನ್ನು ಹಲವು ಪ್ರಭೇದಗಳಾಗಿ ಬಿಡಿಸಿದ್ದು. ಆದರೆ ಎಂಟರೊಲೋಬಿಯೈಯ ಗೆರೆಗಳು ಇನ್‌ಕಾಗ್ನಿಟಾದ ಗೆರೆಗಳನ್ನು ಹೋಲುತ್ತವೆ. ಒಂದೇ ಹೆಣ್ಣನ್ನು ನೋಡಿ ತೀರ್ಪು ಕೊಡುವವರನ್ನು ನಾನಂತೂ ನಂಬುವುದಿಲ್ಲ.

ಹಾಗಾಗಿ ಮರಿಗಳ ಉದ್ದ, ಬಾಲದ ಉದ್ದ, ಮುಳ್ಳಿನ ಅಳತೆ ಎಲ್ಲವೂ ಬೇಕು. ಜೊತೆಗೆ ಡಿಎನ್‌ಎ ಹೋಲಿಕೆ. ಡಿಎನ್‌ಎಗೆಂದು ತೆಗೆದಿಟ್ಟ ಹುಳುಗಳನ್ನು ಫಾರ್ಮಲಿನ್‌ನಲ್ಲಿ ಹಾಕಬೇಡಿ, ಆಲ್ಕೋಹಾಲ್‌ನಲ್ಲಿಡಿ. ಒಂದೇ ಹೆಣ್ಣಿನ ಮೊಟ್ಟೆಗಳನ್ನು ಶುದ್ಧಮಣ್ಣಿನ ಕುಂಡದ ಟೊಮೆಟೊ ಸಸಿಗೆ ಹಾಕಿ ಸಂತತಿ ಬೆಳೆಸಿದರೆ ಬೆರಕೆಯ ಅನುಮಾನವೂ ಹೋಗುತ್ತದೆ.

ಎಲ್ಲ ಹೋಲಿಕೆಗೂ ಹೊರಗುಳಿದರೆ ಮಾತ್ರ ಹೊಸ ಹೆಸರು. ಅದಕ್ಕೆ ವಿವರಣೆ, ಚಿತ್ರ, ಅಳತೆಗಳನ್ನು ಪ್ರಕಟಿಸಿ, ಹೆಸರಿಗೆ ಆಧಾರವಾದ ಮಾದರಿಯನ್ನು ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ನಮ್ಮಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಅಂಥ ರಾಷ್ಟ್ರೀಯ ಸಂಗ್ರಹವಿದೆ.

ರೈತರ ಪಾಲಿನ ಕೆಲಸ ಮಾದರಿಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸುವವರೆಗೆ. ಸನಿಕೆ, ಚಪ್ಪಲಿಗೆ ಮೆತ್ತಿದ ಮಣ್ಣನ್ನು ಆ ಹೊಲದಲ್ಲೇ ತೊಳೆದು ಬನ್ನಿ. ಪರೀಕ್ಷೆ ಮುಗಿದ ಮೇಲೆ ಉಳಿದ ಮಣ್ಣನ್ನು ಚೆನ್ನಾಗಿ ಕುದಿಸಿಯೇ ಹೊರಗೆ ಚೆಲ್ಲಬೇಕು.