ಏರಿನಲ್ಲಿ ನಿಂತುಹೋಗುತ್ತಿದ್ದ ಎಂಜಿನ್ ಸರಿಯಾದದ್ದು

ಉಡುಪಿಯಿಂದ ಮಣಿಪಾಲಕ್ಕೆ ಹೋಗುವಾಗ ಇಂದ್ರಾಳಿ ದಾಟಿದ ಮೇಲಿನ ಏರಿನಲ್ಲಿ ನನ್ನ ಹೈಬ್ರಿಡ್ ಸೈಕಲ್ಲಿನ ಎಂಜಿನ್ ಪ್ರತಿ ಸಲ ಉಸಿರುಗಟ್ಟಿ ನಿಲ್ಲುತ್ತಿತ್ತು. ತೋಟದಲ್ಲಿ ಹುಲ್ಲು ಕೊಯ್ಯುವ ಮಷೀನಿನ 43 ಸಿಸಿ ಎಂಜಿನ್ ಅದು. ಚಕ್ರಕ್ಕೆ ನೇರ ಸಂಬಂಧವಿಲ್ಲ. 24 ವೋಲ್ಟಿನ ಡಿಸಿ ಮೋಟಾರನ್ನು ಜನರೇಟರಿನಂತೆ ತಿರುಗಿಸಿ, ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೂಲಕ 36 ವೋಲ್ಟ್ ಬ್ಯಾಟರಿಗೆ ಕರೆಂಟ್ ಕೊಡುತ್ತದೆ. ಹಿಂದಿನ ಚಕ್ರದ ಹಬ್ ಮೋಟಾರ್ ಓಡುವುದು ಬ್ಯಾಟರಿಯಿಂದ.

ಎರಡು ವಾರ ಕಾರ್ಬ್ಯುರೇಟರನ್ನೇ ಬಿಚ್ಚಿ ತೊಳೆದೆ. ತಪ್ಪು ಅಲ್ಲಿರಲಿಲ್ಲ. ಕ್ಲಚ್ ಮುಚ್ಚಳ ಮುಟ್ಟಿದಾಗ ಬೆರಳು ಸುಟ್ಟಿತು, ಒಳಗೆ ಕಪ್ಪು ಪುಡಿ. ಅಂದರೆ ವೇಗ ಸಾಲದೆ ಕ್ಲಚ್ ಜಾರಿ ಸವೆಯುತ್ತಿತ್ತು. ಆಗ ಹೊಳೆಯಿತು: ಬ್ಯಾಟರಿಯ ವೋಲ್ಟೇಜೇ ಜನರೇಟರಿನ ವೇಗವನ್ನು ಹಿಡಿದಿಡುತ್ತದೆ. ನನ್ನ ಜನರೇಟರ್ ನಿಮಿಷಕ್ಕೆ ಸುಮಾರು 4500 ಸುತ್ತಿನಲ್ಲೇ ಲೋಡ್ ಹಿಡಿಯುತ್ತಿತ್ತು. ಎರಡೂ ಕಡೆ ಒಂದೇ ಅಳತೆಯ ಪುಲ್ಲಿ ಇದ್ದುದರಿಂದ ಎಂಜಿನ್ನೂ ಅಲ್ಲೇ ಸಿಕ್ಕಿಬೀಳುತ್ತಿತ್ತು. ಅದರ ನಿಜವಾದ ಶಕ್ತಿ ಬರುವುದು 6500ರ ಹತ್ತಿರ.

ಲೇತ್ ಅಂಗಡಿಯ ಅಣ್ಣ ಎಂಜಿನ್ನಿಗೆ 20 ಹಲ್ಲಿನ, ಜನರೇಟರಿಗೆ 28 ಹಲ್ಲಿನ ಪುಲ್ಲಿ ಕೂರಿಸಿಕೊಟ್ಟರು. ಹೀಗಾಗಿ ಜನರೇಟರ್ 4500ರಲ್ಲಿದ್ದಾಗ ಎಂಜಿನ್ 6300ರಲ್ಲಿ ತಿರುಗುತ್ತದೆ. ಕ್ಲಚ್ ಶೂ ಹೊಸದು ಹಾಕಿದೆ. ಈಗ ಏರಿನಲ್ಲಿ ಎಂಜಿನ್ ಶಬ್ದ ಸ್ವಲ್ಪವೂ ತಗ್ಗುವುದಿಲ್ಲ, ಎಷ್ಟು ಖುಷಿಯೋ! ಮೀಟರ್ 41 ವೋಲ್ಟ್ ತೋರಿಸಿದ ಕೂಡಲೇ ಎಂಜಿನ್ ಆಫ್ ಮಾಡುತ್ತೇನೆ, ಬ್ಯಾಟರಿಯ ಮಿತಿ 42.