ಗಾಡಿ ದಾರೀಲಿ ನಿಲ್ಲುತ್ತಾ, ಆಯಿಲ್ ಕೂಡ ಇಳೀತಾ? ಇಂಜಿನ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

"ಟೀಚರ್ರೇ, ರಿಂಗ್ ಹೋಗಿದೆ. ಇಂಜಿನ್ ಇಳಿಸಲೇಬೇಕು. ಇಪ್ಪತ್ತೆರಡು ಸಾವಿರ ಇಟ್ಕೊಳ್ಳಿ."

ಮೆಕ್ಯಾನಿಕ್ ಬಾನೆಟ್ ಎತ್ತಿ ಎರಡು ನಿಮಿಷ ಆಗಿರಲಿಲ್ಲ. (ರಿಂಗ್ ಅಂದರೆ ಪಿಸ್ಟನ್ ಸುತ್ತ ಇರುವ ಬಳೆ; ಅದು ಸವೆದರೆ ಆಯಿಲ್ ಮೇಲೇರಿ ಸುಡುತ್ತದೆ.) ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒಂದು ಸಲ ಎಳೆದು ನೋಡಿದ್ದು ಬಿಟ್ಟರೆ ಆತ ಬೇರೇನೂ ಮುಟ್ಟಿರಲಿಲ್ಲ. ಯೋಚನೆ ಮಾಡ್ತೀನಿ ಅಂತ ಹೇಳಿ ಗಾಡಿ ವಾಪಸ್ ತಂದೆ.

ನನ್ನದು 1996ರ ಮಾರುತಿ 800. ಅಪ್ಪಯ್ಯ ತಗೊಂಡದ್ದು. 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ ಗಾಡಿ. ಆರ್‌ಸಿ ಮೂರು ಸಲ ರಿನ್ಯೂ ಆಗಿದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೊರಟರೆ ಮೇಗರವಳ್ಳಿ ಹತ್ತಿರ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಕೀ ತಿರುಗಿಸಿದ ಹಾಗೆ ಟಪ್ ಅಂತ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಜೊತೆಗೆ ಆಯಿಲ್ ಕೂಡ ಇಳಿಯುತ್ತಿತ್ತು.

ಮೊದಲು ಆಯಿಲ್ ಲೆಕ್ಕ ಬರೆಯಿರಿ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಕಿಲೋಮೀಟರ್ ಎಷ್ಟು, ಎಷ್ಟು ಆಯಿಲ್ ಸುರಿದಿರಿ, ಎರಡನ್ನೂ ಒಂದು ಹಳೇ ಡೈರಿಯಲ್ಲಿ ಬರೆದಿಡಿ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ದಾಟಿದರೆ ಜಾಸ್ತಿಯೇ. ಡಿಪ್‌ಸ್ಟಿಕ್ ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ, ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ, ಪೆಟ್ರೋಲ್ ಪಂಪಿನ ಒಳಗಿನ ಡಯಾಫ್ರಾಮ್ (ತೆಳು ಪೊರೆ) ಹರಿದಿರಬಹುದು. ಹಳೇ ಕಾರ್ಬ್ಯುರೇಟರ್ ಗಾಡಿಗಳ ಪಂಪು ಇಂಜಿನ್ನಿಗೇ ಅಂಟಿಕೊಂಡಿರುವುದರಿಂದ ಪೆಟ್ರೋಲ್ ಸೀದಾ ಆಯಿಲ್‌ಗೆ ಇಳಿಯುತ್ತದೆ. ಹಾಗಿದ್ದರೆ ಗಾಡಿ ಓಡಿಸಬೇಡಿ. ಮತ್ತೆ, ಓಡುವಾಗ ಆಯಿಲ್ ಲೈಟ್ ಹತ್ತಿಕೊಂಡರೆ ಅಲ್ಲೇ ಬದಿಗೆ ಹಾಕಿ ಆಫ್ ಮಾಡಿ. "ಮನೆ ಇಲ್ಲೇ ಇದೆ" ಅನ್ನೋ ಮಾತು ಬೇಡ.

ಇಳಿದ ಆಯಿಲ್ ಒಂದೋ ಸುಡುತ್ತಿದೆ, ಇಲ್ಲಾ ಸೋರುತ್ತಿದೆ. ಸುಟ್ಟರೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣುತ್ತದೆ. ನಮಗಂತೂ ಪರೀಕ್ಷೆಗೆ ಆಗುಂಬೆ ಘಾಟಿಯೇ ಇದೆ. ಗೇರಿನಲ್ಲೇ ಇಳಿದು ಸೋಮೇಶ್ವರದ ಹತ್ತಿರ ಆಕ್ಸಿಲರೇಟರ್ ಒತ್ತಿದ ಕೂಡಲೇ ಬುಸ್ ಅಂತ ನೀಲಿ ಹೊಗೆ ಬಂದರೆ ವಾಲ್ವ್ ಸುತ್ತ ಆಯಿಲ್ ತಡೆಯುವ ವಾಲ್ವ್ ಸೀಲ್ ಮೇಲೆ ಅನುಮಾನ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಮಾತ್ರ ಬಂದರೂ ಅದೇ. ಏರು ಹತ್ತುವಾಗ ಬಿಡದೆ ಬಂದರೆ ಮಾತ್ರ ರಿಂಗ್ ಸುದ್ದಿ ಎತ್ತಬೇಕು. ನನ್ನ ಗಾಡಿ ಹಿಂದೆ ತಮ್ಮನನ್ನು ಬೈಕಿನಲ್ಲಿ ಬರೋಕೆ ಹೇಳಿದ್ದೆ. ಎಲ್ಲೂ ಹೊಗೆ ಕಾಣಲಿಲ್ಲ ಅಂದ. ರಿಂಗ್ ಮೇಲಿನ ನನ್ನ ಭಯ ಅಲ್ಲೇ ಅರ್ಧ ಹೋಯಿತು.

ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಕೆಲವರು ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿನ ಕೆಳಗಿನ ಪ್ಯಾಕಿಂಗ್) ಹೋಯಿತು, ಆಯಿಲ್‌ಗೆ ನೀರು ಸೇರಿತು ಅಂತ ಹೆದರಿಸುತ್ತಾರೆ. ಮಳೆಗಾಲದಲ್ಲಿ ಬರೀ ಪೇಟೆಗೆ ಹೋಗಿಬರುವ ಗಾಡಿಗೆ ಅದು ತೇವಕ್ಕೂ ಕಟ್ಟುತ್ತದೆ. ರೇಡಿಯೇಟರ್ ನೀರು ಇಳಿಯದೆ, ಡಿಪ್‌ಸ್ಟಿಕ್ ಆಯಿಲ್ ಶುದ್ಧ ಇದ್ದರೆ ಗಾಬರಿ ಬೇಡ.

ಸೋರುವ ಜಾಗ ಹುಡುಕುವುದು ತಾಳ್ಮೆಯ ಕೆಲಸ. ಆಯಿಲ್ ಮೇಲೆ ಸೋರಿ ಕೆಳಗೆ ತೊಟ್ಟಿಕ್ಕುತ್ತದೆ, ಹಾಗಾಗಿ ಹನಿ ಬಿದ್ದ ಜಾಗ ನೋಡಿ ಚೇಂಬರ್ (ಇಂಜಿನ್ ತಳದ ಆಯಿಲ್ ತಟ್ಟೆ) ಪ್ಯಾಕಿಂಗ್ ಬದಲಿಸಿದರೆ ದುಡ್ಡು ದಂಡ. ತಣ್ಣಗಿನ ಇಂಜಿನ್ ಒರೆಸಿ ಒಣಗಿಸಿ. ಅನುಮಾನ ಇರುವ ಕಡೆ ಮಕ್ಕಳ ಪೌಡರ್ ಉದುರಿಸಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದು ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ: ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲಿನ ಮುಚ್ಚಳ) ಅಂಚು, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಬ್ಬಿ) ಕೂತಿರುವ ಜಾಗ, ಪೆಟ್ರೋಲ್ ಪಂಪ್, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರ್, ಕ್ರ್ಯಾಂಕ್ ಪುಲ್ಲಿ ಹಿಂದಿನ ಸೀಲ್. ರಾತ್ರಿ ಗಾಡಿಯಡಿ ಒಂದು ರಟ್ಟು ಹಾಸಿಡಿ. ನನ್ನ ಪೌಡರ್ ಡಿಸ್ಟ್ರಿಬ್ಯೂಟರ್ ಹತ್ತಿರ ಮತ್ತು ಟ್ಯಾಪೆಟ್ ಕವರ್ ಸುತ್ತ ಒದ್ದೆಯಾಗಿತ್ತು.

ಇನ್ನು ನಿಲ್ಲುವ ವಿಷಯ. ಕೆಮ್ಮಿ, ಜಗ್ಗಿ, ಸತಾಯಿಸಿ ನಿಂತರೆ ಹೆಚ್ಚಾಗಿ ಪೆಟ್ರೋಲ್ ದೋಷ. ಸಿಗ್ನಲ್ಲಿನಲ್ಲಿ, ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಮಾತ್ರ ನಿಂತರೆ ಆಗ ಪೆಟ್ರೋಲ್ ಬಿಡುವ ಸಣ್ಣ ತೂತು, ಐಡ್ಲಿಂಗ್ ಜೆಟ್, ಕಟ್ಟಿರಬಹುದು, ಇಲ್ಲಾ ಎಲ್ಲೋ ಗಾಳಿ ಎಳೆಯುತ್ತಿರಬಹುದು. ಟಪ್ ಅಂತ ಒಂದೇ ಸಲ ನಿಂತರೆ ಮೊದಲು ಕರೆಂಟ್ ಕಡೆ ನೋಡಿ. ನಿಂತ ಕೂಡಲೇ ಪರೀಕ್ಷಿಸಬೇಕು, ಆರಿದ ಮೇಲೆ ಏನೂ ಸಿಗುವುದಿಲ್ಲ. ಏರ್ ಫಿಲ್ಟರ್ ಮುಚ್ಚಳ ತೆಗೆದು, ಇಂಜಿನ್ ಆಫ್ ಇರುವಾಗಲೇ ಆಕ್ಸಿಲರೇಟರ್ ಲಿಂಕ್ ಕೈಯಲ್ಲಿ ಎಳೆಯಿರಿ. ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಚಿಮ್ಮಿದರೆ ಅಲ್ಲಿಗೆ ಪೆಟ್ರೋಲ್ ಬರುತ್ತಿದೆ ಅಂತ ಅರ್ಥ. ನನ್ನದರಲ್ಲಿ ಚಿಮ್ಮಿತು. ಕಿಡಿ ನೋಡುವುದನ್ನು ಮೆಕ್ಯಾನಿಕ್‌ಗೇ ಬಿಡಿ, ಪ್ಲಗ್ ವೈರ್ ಹೊಡೆದರೆ ತಮಾಷೆ ಅಲ್ಲ. ಕೀ ತೆಗೆದಿಟ್ಟು ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ ನೋಡುವುದಕ್ಕೆ ಮಾತ್ರ ಏನೂ ತೊಂದರೆ ಇಲ್ಲ.

ಬಿಚ್ಚಿದೆ. ಒಳಗೆಲ್ಲ ಆಯಿಲ್! ಕಿಡಿ ಹುಟ್ಟಿಸಲು ಕರೆಂಟ್ ಕಡಿದು ಕೂಡಿಸುವ ಪಾಯಿಂಟ್ ಮೇಲೆ ಕಪ್ಪು ಮಸಿ.

ಈ ಗಾಡಿಯ ಡಿಸ್ಟ್ರಿಬ್ಯೂಟರ್ ಹೆಡ್ಡಿನ ತುದಿಯಲ್ಲಿ ಕೂತು, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿನಿಂದಲೇ ತಿರುಗುತ್ತದೆ. ನಡುವೆ ಇರುವುದು ಒಂದು ಸಣ್ಣ ಸೀಲ್. ಅದು ಸೋತರೆ ಆಯಿಲ್ ಒಳಗೆ ಬರುತ್ತದೆ, ಪಾಯಿಂಟ್ ಕೆಲಸ ಕೆಡುತ್ತದೆ. ಎರಡು ಕಾಯಿಲೆ ಅಂದುಕೊಂಡದ್ದು ಒಂದೇ ಆಗಿತ್ತು.

ಆದರೆ ಸೀಲ್ ಹಾಕಿಸಿ ಸುಮ್ನಾಗಬೇಡಿ, ಅದು ಯಾಕೆ ಸೋತಿತು ಅಂತ ಕೇಳಿ. ಟ್ಯಾಪೆಟ್ ಕವರ್‌ನಿಂದ ಏರ್ ಫಿಲ್ಟರ್‌ಗೆ ಹೋಗುವ ಬ್ರೀದರ್ ಪೈಪು ಕಟ್ಟಿದರೆ ಇಂಜಿನ್ ಒಳಗಿನ ಗಾಳಿಗೆ ದಾರಿ ಇಲ್ಲ. ಅದು ಸೀಲ್, ಪ್ಯಾಕಿಂಗ್‌ಗಳನ್ನು ಒತ್ತಿ ಆಯಿಲ್ ಹೊರಗೆ ತಳ್ಳುತ್ತದೆ. ಜಡೆ, ಸೆರಗು ಕಟ್ಟಿಕೊಂಡು, ಇಂಜಿನ್ ಸ್ಲೋನಲ್ಲಿ ಓಡುವಾಗ ಆಯಿಲ್ ಮುಚ್ಚಳ ತೆಗೆದು ಅಂಗೈ ಹತ್ತಿರ ಹಿಡಿಯಿರಿ. ಸಣ್ಣಗೆ ಪುಸುಪುಸು ಅಂದರೆ ಸರಿ. ಊದಿದ ಹಾಗೆ ಜೋರಾಗಿ ಬಂದರೆ ಪೈಪ್ ಕಳಚಿ ನೋಡಿ. ಪೈಪ್ ಶುದ್ಧ ಇದ್ದೂ ಜೋರಾಗಿ ಬಂದರೆ ಆಗ ರಿಂಗ್, ಬೋರ್ (ಸಿಲಿಂಡರಿನ ಒಳಗೋಡೆ) ಪರೀಕ್ಷೆಗೆ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಸಿ. ಕೆಲವು ಗಾಡಿಗಳಲ್ಲಿ ಈ ಗಾಳಿ ಬಿಡಲು ಪಿಸಿವಿ ವಾಲ್ವ್ ಇರುತ್ತದೆ. ಅದು ತೆರೆದೇ ಉಳಿದರೆ ಗಾಳಿ ಜಾಸ್ತಿಯಾಗಿ ಸ್ಲೋನಲ್ಲಿ ನಿಲ್ಲುವುದೂ ಉಂಟು. ನನ್ನ ಪೈಪಿನೊಳಗೆ ಕಾಫಿ ಚರಟದಂಥ ಕಪ್ಪು ಕೆಸರು, ಕಡ್ಡಿ ತೂರಲೂ ಜಾಗ ಇರಲಿಲ್ಲ. ತಪ್ಪು ನನ್ನದೇ. ಎಷ್ಟು ವರ್ಷದಿಂದ ಅದನ್ನು ಮುಟ್ಟಿರಲಿಲ್ಲವೋ ನೆನಪೇ ಇಲ್ಲ.

ಹೊಸ ಪೈಪು, ಡಿಸ್ಟ್ರಿಬ್ಯೂಟರ್ ಸೀಲ್, ಟ್ಯಾಪೆಟ್ ಪ್ಯಾಕಿಂಗ್, ಪಾಯಿಂಟ್, ಕೂಲಿ ಸೇರಿ 1,450 ರೂಪಾಯಿ ಆಯಿತು. ಮೇಗರವಳ್ಳಿ ಈಗ ನಿಲ್ಲದೆ ದಾಟುತ್ತದೆ.

ರಟ್ಟಿನ ಮೇಲೆ ಬೆಳಿಗ್ಗೆ ಒಂದು ಹನಿ ಇನ್ನೂ ಇರುತ್ತದೆ. ಅದು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸೀಲ್, ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಪ್ಲೇಟ್ ಹಾಕಿಸುವ ದಿನ ಅದನ್ನೂ ಹಾಕಿಸೋದು ಅಂತ ಬಿಟ್ಟಿದ್ದೇನೆ. ಅಲ್ಲೀತನಕ ರಟ್ಟು ಅಲ್ಲೇ ಇರಲಿ.